ಪಿಕಪ್ ಕೊಳ್ಳುವ ಮುನ್ನ: ನಾಲ್ಕು ಚಕ್ರಕ್ಕೂ ಬಲ ಬೇಕೆ?

ತಾಳವಾಡಿಯಲ್ಲಿ ಎಲೆಕೋಸು ಬೆಳೆಯುತ್ತಾರೆ. ನೀಲಗಿರಿಯಲ್ಲಿ ಕ್ಯಾರೆಟ್, ಚಹಾ ಬೆಳೆಯುತ್ತಾರೆ. ಬೆಳೆದದ್ದನ್ನು ಹೊಲದಿಂದ ಮಾರುಕಟ್ಟೆಗೆ ಸಾಗಿಸಬೇಕು. ಅದಕ್ಕೆ ಪಿಕಪ್ ಗಾಡಿ ಬೇಕು.

“ನಮ್ಮದು ಬೆಟ್ಟದ ಊರು. ಫೋರ್ ವೀಲ್ ಗಾಡಿನೇ ತಗೋ” ಅಂತ ಕೆಲವರು ಹೇಳ್ತಾರೆ. ಆ ಗಾಡಿಗೆ ಬೆಲೆ ಹೆಚ್ಚು. ಸಾಲದ ಕಂತೂ ಹೆಚ್ಚು. ಅದು ನಿಮಗೆ ಬೇಕೋ ಬೇಡವೋ? ಬನ್ನಿ, ತಿಳಿಯೋಣ.

ಗಾಡಿಯ ಮೇಲಿನ ಬರಹ

ಕೆಲವು ಗಾಡಿಗಳ ಮೇಲೆ 4×4 ಎಂದು ಬರೆದಿರುತ್ತದೆ. ಮೊದಲ 4 ಅಂದರೆ ಒಟ್ಟು ಚಕ್ರಗಳು. ಎರಡನೆಯ 4 ಅಂದರೆ ಎಂಜಿನ್ ತಿರುಗಿಸುವ ಚಕ್ರಗಳು. 4×2 ಆದರೆ ಎಂಜಿನ್ ತಿರುಗಿಸುವುದು ಎರಡೇ ಚಕ್ರ. ಪಿಕಪ್‌ನಲ್ಲಿ ಸಾಮಾನ್ಯವಾಗಿ ಅವು ಹಿಂದಿನ ಚಕ್ರಗಳು.

ಹೊರೆ ಇಲ್ಲದ ಪಿಕಪ್‌ನ ಹಿಂಭಾಗ ಹಗುರ. ಕೆಸರಿನಲ್ಲಿ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ. ಗಾಡಿ ಮುಂದೆ ಹೋಗಲ್ಲ. ಆಗ ಮುಂದಿನ ಚಕ್ರಗಳೂ ಎಳೆದರೆ ಗಾಡಿ ಹೊರಬರಬಹುದು. ಇದೇ 4×4 ಗಾಡಿಯ ಉಪಯೋಗ.

ಮೂರು ಗುರುತುಗಳು

4×4 ಗಾಡಿಯಲ್ಲಿ ಒಂದು ಲಿವರ್ ಅಥವಾ ತಿರುಗಿಸುವ ಗುಂಡಿ ಇರುತ್ತದೆ. ಅದರ ಮೇಲಿನ ಗುರುತು ಓದಿ.

2ಎಚ್: ಎರಡು ಚಕ್ರಕ್ಕೆ ಬಲ. ಇದು ಟಾರು ರಸ್ತೆಗೆ.

4ಎಚ್: ನಾಲ್ಕು ಚಕ್ರಕ್ಕೂ ಬಲ. ಇದು ಕೆಸರು, ಮರಳು, ಒದ್ದೆ ಮಣ್ಣಿನ ದಾರಿಗೆ.

4ಎಲ್: ನಾಲ್ಕು ಚಕ್ರಕ್ಕೂ ಬಲ, ವೇಗ ಕಡಿಮೆ. ಎಳೆಯುವ ಶಕ್ತಿ ಸುಮಾರು ಎರಡೂವರೆ ಪಟ್ಟು. ಇದು ಕಡಿದಾದ ಮಣ್ಣಿನ ಏರು ಇಳಿಜಾರಿಗೆ. ಗಾಡಿ ನಿಲ್ಲಿಸಿಯೇ ಇದನ್ನು ಹಾಕಬೇಕು.

ಒಣಗಿದ ಟಾರು ರಸ್ತೆಯಲ್ಲಿ 4ಎಚ್ ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಉರುಳುತ್ತದೆ, ಹಿಂದಿನದು ಕಡಿಮೆ. ಎರಡನ್ನೂ ಒಟ್ಟಿಗೆ ಕಟ್ಟಿದರೆ ಟೈರು ಸವೆಯುತ್ತದೆ. ಗೇರಿಗೂ ಪೆಟ್ಟು.

ಗಾಡಿಗಳನ್ನು ಹೋಲಿಸೋಣ

ಮಹೀಂದ್ರಾ ಬೊಲೆರೊ ಕ್ಯಾಂಪರ್‌ನಲ್ಲಿ 4×2, 4×4 ಎರಡೂ ಬಂದಿವೆ. ಇದು ದುಡಿಮೆಯ ಗಾಡಿ.

ಇಸುಜು ವಿ-ಕ್ರಾಸ್ ನಮ್ಮ ದೇಶಕ್ಕೆ ಬಂದದ್ದು 2016ರಲ್ಲಿ. 4×4 ಆದರೆ ಅದರಲ್ಲಿ ಮೂರು ಗುರುತೂ ಇರುತ್ತವೆ. ಆದರೆ ಇದೇ ಹೆಸರಿನಲ್ಲಿ 4×2 ಗಾಡಿಯೂ ಬಂದಿದೆ. ಹೆಸರು ನೋಡಿ ಕೊಳ್ಳಬೇಡಿ. ಕಾಗದ ಓದಿ ಕೊಳ್ಳಿ.

ಟೊಯೊಟಾ ಹೈಲಕ್ಸ್ ಬಂದದ್ದು 2022ರಲ್ಲಿ. ಇದರಲ್ಲಿ ‘ಡಿಫರೆನ್ಷಿಯಲ್ ಲಾಕ್’ ಕೂಡ ಇದೆ. ಒಂದು ಹಿಂದಿನ ಚಕ್ರ ಗುಂಡಿಯಲ್ಲಿ ಸುಮ್ಮನೆ ಸುತ್ತುತ್ತಿದ್ದರೆ ಈ ಲಾಕ್ ಹಾಕಬೇಕು. ಆಗ ಎರಡು ಹಿಂದಿನ ಚಕ್ರಗಳೂ ಒಂದೇ ಸಮ ತಿರುಗುತ್ತವೆ. ಗಟ್ಟಿ ನೆಲ ಹಿಡಿದ ಚಕ್ರ ಗಾಡಿಯನ್ನು ತಳ್ಳುತ್ತದೆ. ಹೊರಬಂದ ಮೇಲೆ ಲಾಕ್ ತೆಗೆಯಲೇಬೇಕು. ಹೈಲಕ್ಸ್ ಬಹಳ ದುಬಾರಿ ಗಾಡಿ.

ನಿಮ್ಮ ದಾರಿ ಯಾವುದು?

ಬಣ್ಣಾರಿಯಿಂದ ದಿಂಬಂಗೆ ಏರುವ ಘಾಟಿಯಲ್ಲಿ 27 ಕಡಿದಾದ ತಿರುವುಗಳಿವೆ. ನೋಡಿದರೆ ಎದೆ ನಡುಗುತ್ತದೆ. ಆದರೂ ಅದು ಟಾರು ರಸ್ತೆ. ಅಲ್ಲಿಗೆ 4×2 ಸಾಕು. ಅಲ್ಲಿ ಬೇಕಾದದ್ದು ಒಳ್ಳೆಯ ಬ್ರೇಕು, ಸವೆಯದ ಟೈರು, ಮಿತಿಯ ಹೊರೆ. ಇಳಿಯುವಾಗ ಸಣ್ಣ ಗೇರು ಬೇಕು.

ಒಂದು ಮಾತು ಮರೆಯಬೇಡಿ. 4×4 ಗಾಡಿ ಬೇಗ ನಿಲ್ಲುವುದಿಲ್ಲ. ಬ್ರೇಕು ಎಲ್ಲ ಗಾಡಿಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. “ನಂದು ಫೋರ್ ವೀಲು” ಅಂತ ಇಳಿಜಾರಿನಲ್ಲಿ ಜೋರಾಗಿ ಹೋದರೆ ಜೀವಕ್ಕೇ ಅಪಾಯ.

ನಿಮ್ಮ ಹೊಲದ ದಾರಿ ಮಳೆಗಾಲದಲ್ಲಿ ಕೆಸರಾಗುತ್ತದೆಯೆ? ವರ್ಷಕ್ಕೆ ಎಷ್ಟು ದಿನ? ಎರಡು ಮೂರು ದಿನ ಮಾತ್ರ ಆದರೆ, ಅಂದು ಟ್ರ್ಯಾಕ್ಟರ್ ಬಾಡಿಗೆಗೆ ತಂದರೂ ನಡೆಯುತ್ತದೆ. ತಿಂಗಳುಗಟ್ಟಲೆ ಕೆಸರಿದ್ದು, ಕಿತ್ತ ತರಕಾರಿ ಹೊಲದಲ್ಲೇ ಕೊಳೆಯುವಂತಿದ್ದರೆ 4×4ಕ್ಕೆ ಕೊಟ್ಟ ಹಣ ದಂಡವಲ್ಲ.

ಯಾರದೋ ಮಾತು ಕೇಳಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಈಗ ನೀವೇ ಓದಬಲ್ಲಿರಿ. 4×2 ಇದೆಯೋ 4×4 ಇದೆಯೋ, ಎಷ್ಟು ಹೊರೆ ಹೊರುತ್ತದೆ, ಕಂತು ಎಷ್ಟು, ಎಷ್ಟು ವರ್ಷ? ಓದಿ, ಲೆಕ್ಕ ಹಾಕಿ, ಆಮೇಲೆ ಸಹಿ ಹಾಕಿ.

ಉತ್ತರ ಬರೆಯಿರಿ

1. 4×2 ಎಂದರೆ ಏನು?
2. 4ಎಲ್ ಯಾವ ದಾರಿಗೆ ಬೇಕು?
3. ಒಣ ಟಾರು ರಸ್ತೆಯಲ್ಲಿ 4ಎಚ್ ಏಕೆ ಹಾಕಬಾರದು?
4. ನಿಮ್ಮ ಹೊಲದ ದಾರಿ ಹೇಗಿದೆ? ಮೂರು ವಾಕ್ಯ ಬರೆಯಿರಿ.