ಮೂರಡಿ ಭೂಮಿಯ ಒಡೆಯನಾರು?

ರಥೋತ್ಸವದಂದು ನಾವು ಶ್ರೀಹರಿಗೆ ಛತ್ರಚಾಮರಾದಿ ರಾಜೋಪಚಾರಗಳನ್ನು ಸಲ್ಲಿಸುತ್ತೇವೆ. ವಿಷ್ಣುಸಹಸ್ರನಾಮದಲ್ಲಿ ‘ಮಹೀಭರ್ತಾ’, ‘ಕ್ಷಿತೀಶಃ’ ಎಂದು ಅವನನ್ನು ಭೂಮಂಡಲದ ಒಡೆಯನೆಂದು ಕೊಂಡಾಡುತ್ತೇವೆ. ಮನೆಗೆ ಮರಳಿದೊಡನೆ, ಗೋಡೆಯಾಚೆಯ ಮೂರಡಿ ಜಾಗವೂ ನಮ್ಮದೇ ಎಂದು ಒಡಹುಟ್ಟಿದವರೊಡನೆ ವ್ಯಾಜ್ಯಕ್ಕೆ ನಿಲ್ಲುತ್ತೇವೆ. ನಾವು ಮಾಡಿದ ಸ್ತೋತ್ರವು ಮನಸ್ಸನ್ನು ಮುಟ್ಟಿತೇ?

ಶ್ರೀಮದ್ಭಾಗವತದ 8ನೆಯ ಸ್ಕಂಧದಲ್ಲಿಯೂ ಮೂರಡಿ ಭೂಮಿಯ ಮಾತೇ ಬರುತ್ತದೆ. ನರ್ಮದೆಯ ಉತ್ತರತೀರದಲ್ಲಿ ಅಶ್ವಮೇಧದೀಕ್ಷಿತನಾಗಿದ್ದ ಬಲಿಚಕ್ರವರ್ತಿಯನ್ನು ವಾಮನನು ಬೇಡಿದ್ದು ಅಷ್ಟನ್ನೇ. ದ್ವೀಪವನ್ನೇ ಕೊಡಬಲ್ಲ ತನ್ನಲ್ಲಿ ಇಷ್ಟು ಅಲ್ಪವನ್ನು ಕೇಳುವುದೇ ಎಂದು ಬಲಿಯು ನಕ್ಕನು. ಶುಕ್ರಾಚಾರ್ಯರು ತಡೆದರೂ ಕೊಟ್ಟ ಮಾತಿಗೆ ತಪ್ಪಲಿಲ್ಲ. ತ್ರಿವಿಕ್ರಮನ ಒಂದು ಹೆಜ್ಜೆಗೆ ಭೂಮಿಯೂ ಇನ್ನೊಂದಕ್ಕೆ ಊರ್ಧ್ವಲೋಕಗಳೂ ಮುಗಿದುವು. ವರುಣಪಾಶದಿಂದ ಬದ್ಧನಾದ ಬಲಿಯು ಮೂರನೆಯ ಹೆಜ್ಜೆಗೆ ತನ್ನ ಶಿರಸ್ಸನ್ನೇ ಒಡ್ಡಿದನು.

ಆಗ ಬಲಿಯ ಪತ್ನಿ ವಿಂಧ್ಯಾವಳಿಯು ತಲೆಬಾಗಿ ಮಾಡಿದ ಸ್ತುತಿಯು ಚಿಕ್ಕದಾದರೂ ಮನನೀಯವಾದುದು. ಮೂರು ಲೋಕಗಳನ್ನೂ ಭಗವಂತನು ತನ್ನ ಕ್ರೀಡೆಗಾಗಿಯೇ ಸೃಜಿಸಿದನೆಂದೂ, ಅವುಗಳಲ್ಲಿ ತಮಗೆ ಒಡೆತನವುಂಟೆಂದು ತಿಳಿಯುವವರು ಅವಿವೇಕಿಗಳೆಂದೂ ಆಕೆಯು ಅರಿಕೆ ಮಾಡಿದಳು. ಪತಿಯು ಕೊಟ್ಟನೆಂದು ಆಕೆಯು ಹೆಮ್ಮೆಪಡಲಿಲ್ಲ. ಕೊಡಲು ನಮ್ಮದೆಂಬುದು ಏನಿದೆ ಎಂಬುದೇ ಆಕೆಯ ಮಾತಿನ ತಾತ್ಪರ್ಯವೆಂದು ನಾವು ತಿಳಿಯಬೇಕು.

ಶ್ರೀಮದಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿ, ವಿಷ್ಣುವೊಬ್ಬನೇ ಸ್ವತಂತ್ರನೆಂದು ನಿರ್ಣಯಿಸಿದ್ದಾರೆ. ಲೌಕಿಕ ರಾಜನು ರಾಜ್ಯದಿಂದ ರಾಜನಾಗುತ್ತಾನೆ. ರಾಜ್ಯವು ಹೋದರೆ ಪದವಿಯೂ ಹೋಗುತ್ತದೆ. ಶ್ರೀಹರಿಯಾದರೋ ಜಗತ್ತಿನಿಂದ ಒಡೆಯನಾದವನಲ್ಲ. ಅವನಿಂದಲೇ ಜಗತ್ತಿಗೆ ಸತ್ತೆಯುಂಟು. ಅಂತಹ ಪ್ರಭುವು ಸರ್ವಸ್ವವನ್ನು ಒಪ್ಪಿಸಿದ ಬಲಿಗೆ ಸುತಲವನ್ನು ದಯಪಾಲಿಸಿ, ತಾನೇ ಅಲ್ಲಿ ದ್ವಾರದಲ್ಲಿ ನಿಂತು ಕಾಯುತ್ತಾನೆ.

ಹಾಗಾದರೆ ಗೃಹಸ್ಥರಾದ ನಾವು ಮನೆಮಾರುಗಳನ್ನು ತೊರೆಯಬೇಕೇ? ಬೇಕಿಲ್ಲ. ದೇವಸ್ಥಾನದ ಪಾರುಪತ್ಯಗಾರನು ಕಾಸಿಗೆ ಕಾಸು ಲೆಕ್ಕವಿಡುತ್ತಾನೆ. ಆದರೆ ಭಂಡಾರವು ತನ್ನದೆನ್ನುವುದಿಲ್ಲ. ನಾವೂ ಹಾಗೆಯೇ ನಡೆಯತಕ್ಕದ್ದು. ಹಕ್ಕನ್ನು ನ್ಯಾಯವಾಗಿ ಕೇಳೋಣ. ಮೂರಡಿಗಾಗಿ ದ್ವೇಷವನ್ನು ಬೆಳೆಸುವುದು ಬೇಡ.

ಕಾರ್ತಿಕ ಶುದ್ಧ ಪ್ರತಿಪದೆಯ ಬಲಿಪಾಡ್ಯಮಿಯಂದು ದೀಪವನ್ನು ಹಚ್ಚುವಾಗ ವಿಂಧ್ಯಾವಳಿಯ ಮಾತನ್ನು ಸ್ಮರಿಸೋಣ. ಮುನಿಸಿಕೊಂಡ ಸೋದರರ ಮನೆಗೆ ಅಂದು ನಾವೇ ಮೊದಲು ಹೋಗೋಣ. ಆಗ ನಮ್ಮ ಸ್ತೋತ್ರವು ನಿಜವಾದ ರಾಜೋಪಚಾರವಾದೀತು.

ಶ್ರೀಕೃಷ್ಣಾರ್ಪಣಮಸ್ತು.