ಆಸಿಡ್ ಸ್ಲರಿ: ನೊರೆಯಾಗುವ ಮೊದಲು ಅದು ಆಮ್ಲ



ಪಾತ್ರೆ ತೊಳೆಯುವ ಲಿಕ್ವಿಡನ್ನು ಮನೆಯಲ್ಲೇ ತಯಾರಿಸಿ ಮಾರುವ ಕುಟುಂಬಗಳು ನಮ್ಮ ಸುತ್ತಮುತ್ತ ಸಾಕಷ್ಟಿವೆ. ಸ್ವಸಹಾಯ ಸಂಘಗಳ ತರಬೇತಿಗಳಲ್ಲೂ ಇದನ್ನು ಕಲಿಸುತ್ತಾರೆ. ನನ್ನ ತರಗತಿಯ ಕೆಲವರು ಕಾಲೇಜು ಬಿಟ್ಟ ಮೇಲೆ ತಾಯಿಗೆ ಈ ಕೆಲಸದಲ್ಲಿ ನೆರವಾಗುತ್ತಾರೆ. ಸಂತೋಷದ ವಿಷಯವೇ. ಆದರೆ ಇದರ ಮುಖ್ಯ ಕಚ್ಚಾವಸ್ತುವನ್ನು ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ, ಹೆಸರಿನ ಚೀಟಿಯೂ ಇಲ್ಲದೆ ಮಾರುವುದನ್ನು ಅಂಗಡಿಯೊಂದರಲ್ಲಿ ನಾನೇ ಕಂಡಿದ್ದೇನೆ. ರಸಾಯನಶಾಸ್ತ್ರ ಕಲಿಸುವವನಾಗಿ ಸುಮ್ಮನಿರಲು ಮನಸ್ಸಾಗಲಿಲ್ಲ.

ಏನಿದು?

ಅಂಗಡಿಯಲ್ಲಿ 'ಆಸಿಡ್ ಸ್ಲರಿ' ಎಂದು ಕರೆಯುವ ಕಂದು ಬಣ್ಣದ ಮಂದ ದ್ರವದ ನಿಜ ಹೆಸರು ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೋನಿಕ್ ಆಮ್ಲ. ಒಂದು ಬೆಂಜೀನ್ ಉಂಗುರ, ಅದರ ಒಂದು ಕಡೆ 10ರಿಂದ 13 ಕಾರ್ಬನ್‌ಗಳ ನೇರ ಸರಪಳಿ, ಇನ್ನೊಂದು ಕಡೆ ಸಲ್ಫೋನಿಕ್ ಗುಂಪು. ಸರಪಳಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಮೊದಲು ಬಳಸುತ್ತಿದ್ದ ಕವಲೊಡೆದ ಸರಪಳಿಯ ಡಿಟರ್ಜೆಂಟ್‌ಗಳನ್ನು ಬ್ಯಾಕ್ಟೀರಿಯಾಗಳು ಸುಲಭವಾಗಿ ಒಡೆಯಲಾರವು. ಅದರಿಂದ 1950ರ ದಶಕದಲ್ಲಿ ಅಮೆರಿಕ ಮತ್ತು ಯುರೋಪಿನ ನದಿಗಳಲ್ಲಿ ನೊರೆ ತುಂಬಿಕೊಂಡಿತ್ತು. 1960ರ ದಶಕದಲ್ಲಿ ನೇರ ಸರಪಳಿಗೆ ಬದಲಾಯಿಸಿದ ಮೇಲೆ ಆ ತೊಂದರೆ ಬಹುಮಟ್ಟಿಗೆ ತಗ್ಗಿತು.

ಸ್ಲರಿಯನ್ನು ಕಾಸ್ಟಿಕ್ ಸೋಡದಿಂದ ತಟಸ್ಥಗೊಳಿಸಿದಾಗ ಸಿಗುವ ಸೋಡಿಯಂ ಲವಣವೇ ಡಿಟರ್ಜೆಂಟ್. ತಟಸ್ಥಗೊಳಿಸುವವರೆಗೆ ಅದು ಪ್ರಬಲ ಆಮ್ಲವೇ. ಇದನ್ನು ಮರೆಯಬಾರದು.

ಅಪಾಯ ಎಲ್ಲಿದೆ?

ಸ್ಲರಿ ಚರ್ಮಕ್ಕೆ ತಗುಲಿದರೆ ಸುಡುತ್ತದೆ. ಮಂದವಾಗಿರುವುದರಿಂದ ಅಂಟಿಕೊಂಡು ಉಳಿಯುತ್ತದೆ. ಕಣ್ಣಿಗೆ ಬಿದ್ದರೆ ಶಾಶ್ವತ ಹಾನಿಯಾಗಬಹುದು. ನುಂಗಿದರೆ ಬಾಯಿ, ಗಂಟಲು, ಅನ್ನನಾಳ ಸುಡುತ್ತವೆ.

ಕಾಸ್ಟಿಕ್ ಸೋಡ ಇನ್ನೂ ಮೋಸದ ವಸ್ತು. ಆಮ್ಲವು ಚರ್ಮದ ಪ್ರೋಟೀನನ್ನು ಗಟ್ಟಿಗೊಳಿಸುವುದರಿಂದ ಅದು ಒಳಗಿಳಿಯುವುದು ಸ್ವಲ್ಪ ತಡೆಯಲ್ಪಡುತ್ತದೆ. ಪ್ರತ್ಯಾಮ್ಲ ಹಾಗಲ್ಲ: ಕೊಬ್ಬನ್ನು ಸಾಬೂನಾಗಿಸಿ, ಪ್ರೋಟೀನನ್ನು ಕರಗಿಸಿ ಆಳಕ್ಕೆ ಇಳಿಯುತ್ತದೆ. ಕೈ ಜಾರಿದಂತೆ ಅನಿಸಿದರೆ ನಮ್ಮ ಚರ್ಮದ ಕೊಬ್ಬೇ ಸಾಬೂನಾಗುತ್ತಿದೆ ಎಂದು ತಿಳಿಯಿರಿ. ನೋವು ಕೆಲವೊಮ್ಮೆ ತಡವಾಗಿ ಗೊತ್ತಾಗುತ್ತದೆ.

"ಸರ್, ಅಮ್ಮನ ಕೈ ಯಾಕೆ ಬಿರುಕು ಬಿಡುತ್ತೆ?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ಡಿಟರ್ಜೆಂಟಿಗೆ ಪಾತ್ರೆಯ ಜಿಡ್ಡು ಬೇರೆ, ಚರ್ಮದ ಎಣ್ಣೆಯಂಶ ಬೇರೆ ಎಂಬ ಭೇದವಿಲ್ಲ. ದಿನವೂ ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಒಣಗಿ, ಒಡೆದು, ಉರಿಯೂತವಾಗುತ್ತದೆ. ಲಿಕ್ವಿಡ್‌ನಲ್ಲಿ ಕಾಸ್ಟಿಕ್ ಹೆಚ್ಚಾಗಿ ಉಳಿದಿದ್ದರೆ ಅದನ್ನು ಕೊಂಡವರ ಕೈಗೂ ಇದೇ ಗತಿ.

ಮಾಡುವಾಗ ಪಾಲಿಸಬೇಕಾದದ್ದು

1. ರಬ್ಬರ್ ಕೈಗವಸು, ಕಣ್ಣಿಗೆ ಸುರಕ್ಷಾ ಕನ್ನಡಕ, ಪೂರ್ತಿ ತೋಳಿನ ಬಟ್ಟೆ ಇರಲಿ. ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ. ಮಕ್ಕಳು ಹತ್ತಿರ ಬರಬಾರದು.

2. ದಪ್ಪ ಪ್ಲಾಸ್ಟಿಕ್ ಬಕೆಟ್ ಬಳಸಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಕಾಸ್ಟಿಕ್ ಅದನ್ನು ತಿಂದು, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ.

3. ತಣ್ಣೀರಿಗೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಕಾಸ್ಟಿಕ್ಕಿನ ಮೇಲೆ ನೀರು ಸುರಿಯಬೇಡಿ, ಬಿಸಿಗೆ ಕುದಿದು ಸಿಡಿಯುತ್ತದೆ. ದ್ರಾವಣ ಪೂರ್ತಿ ತಣ್ಣಗಾಗಲಿ.

4. ಬೇರೆ ಬಕೆಟಿನ ನೀರಿಗೆ ಸ್ಲರಿಯನ್ನು ಬೆರೆಸಿ, ಅದಕ್ಕೆ ಕಾಸ್ಟಿಕ್ ದ್ರಾವಣವನ್ನು ನಿಧಾನವಾಗಿ, ಕಲಕುತ್ತಾ ಸೇರಿಸಿ. ಇದು ಬಹಿರುಷ್ಣಕ ಕ್ರಿಯೆ, ಆತುರಪಟ್ಟರೆ ಮಿಶ್ರಣ ಬಿಸಿಯೇರುತ್ತದೆ. ವಾಷಿಂಗ್ ಸೋಡ ಬಳಸಿದರೆ ಕಾರ್ಬನ್ ಡೈಆಕ್ಸೈಡ್ ಹೊರಟು ನೊರೆ ಉಕ್ಕುತ್ತದೆ, ಬಕೆಟ್ ದೊಡ್ಡದಿರಲಿ.

5. ಲೆಕ್ಕ ಮಾಡಿ. ಈ ಆಮ್ಲದ ಅಣುತೂಕ ಸುಮಾರು 326, ಕಾಸ್ಟಿಕ್ಕಿನದು 40. ಅಂದರೆ 1 ಕಿಲೋ ಸ್ಲರಿಗೆ ಸುಮಾರು 120 ಗ್ರಾಂ ಕಾಸ್ಟಿಕ್. ಸ್ಲರಿಯ ಶುದ್ಧತೆಗೆ ತಕ್ಕಂತೆ ಇದು ಬದಲಾಗುತ್ತದೆ. ಆದ್ದರಿಂದ ಕಣ್ಣಂದಾಜು ಬಿಟ್ಟು ಪಿಎಚ್ ಕಾಗದದಿಂದ ನೋಡಿ. 7ರ ಆಸುಪಾಸಿನಲ್ಲಿರಬೇಕು.

6. ಬ್ಲೀಚಿಂಗ್ ದ್ರಾವಣಕ್ಕೆ ಸ್ಲರಿಯಾಗಲಿ ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಸೇರಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

7. ಕುಡಿಯುವ ನೀರಿನ, ಜ್ಯೂಸಿನ ಬಾಟಲಿಗಳಲ್ಲಿ ತುಂಬಿಡಬೇಡಿ. ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆದು, ಬೀಗ ಹಾಕುವ ಜಾಗದಲ್ಲಿಡಿ.

ತಗುಲಿದರೆ?

ಮೊದಲ ಔಷಧ ನೀರು. ರಾಸಾಯನಿಕ ತಗುಲಿದ ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಿರಿ. ಕಣ್ಣಾದರೆ ರೆಪ್ಪೆ ಬಿಡಿಸಿ ಅಷ್ಟೇ ಹೊತ್ತು ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಿ. ಆಮ್ಲದ ಗಾಯಕ್ಕೆ ಸೋಡ, ಕಾಸ್ಟಿಕ್ಕಿನ ಗಾಯಕ್ಕೆ ನಿಂಬೆರಸ ಹಚ್ಚುವುದು ತಪ್ಪು. ತಟಸ್ಥೀಕರಣದ ಶಾಖ ಗಾಯವನ್ನು ಹೆಚ್ಚಿಸುತ್ತದೆ, ತೊಳೆಯುವ ಹೊತ್ತೂ ಹಾಳು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ, ಮೇಲೆ ಬರುವಾಗ ಅನ್ನನಾಳ ಮತ್ತೊಮ್ಮೆ ಸುಡುತ್ತದೆ. 108ಕ್ಕೆ ಕರೆ ಮಾಡಿ, ಆ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಆಮ್ಲ, ಪ್ರತ್ಯಾಮ್ಲ, ಲವಣ ಎಂದು ನೀವು ಪರೀಕ್ಷೆಗೆ ಓದುವುದು ಇದನ್ನೇ. ಈ ಪುಟವನ್ನು ಮನೆಗೆ ಒಯ್ದು ತಾಯಿಗೆ ಓದಿ ಹೇಳಿ. ಮನೆಯಲ್ಲಿ ತಯಾರಾದ ಲಿಕ್ವಿಡ್‌ನ ಮಾದರಿಯನ್ನು ಚಿಕ್ಕ ಡಬ್ಬಿಯಲ್ಲಿ, ಹೆಸರು ಬರೆದು ತಂದರೆ ಪ್ರಯೋಗಾಲಯದಲ್ಲಿ ಪಿಎಚ್ ನೋಡಿ ಕೊಡುತ್ತೇನೆ. ಸ್ಲರಿ, ಕಾಸ್ಟಿಕ್ ಮಾತ್ರ ಬ್ಯಾಗಿನಲ್ಲಿ ತರಬೇಡಿ.