ಬಾಲವಿಲ್ಲದ ಮೌಸ್, ಮೂರು ವರ್ಷದ ಲೆಕ್ಕ

ಕಾಲೇಜು ಶುರುವಾಗುವ ಹೊತ್ತಿಗೆ ಬೈಂದೂರು ಪೇಟೆಯ ಕಂಪ್ಯೂಟರ್ ಅಂಗಡಿಗಳಿಗೆ ಎರಡು ಬಗೆಯ ಗಿರಾಕಿಗಳು ಹೆಚ್ಚು ಬರುತ್ತಾರೆ. ಮಗಳಿಗೋ ಮಗನಿಗೋ ಲ್ಯಾಪ್‌ಟಾಪ್ ಕೊಡಿಸಿ, ಕಿಸೆ ಖಾಲಿಯಾದ ಮೇಲೆ ‘ಅದಕ್ಕೊಂದು ಮೌಸೂ ಬೇಕಂತೆ’ ಎನ್ನುವ ತಂದೆ ತಾಯಂದಿರು ಒಂದು ಬಗೆ. ಬೆಂಗಳೂರಿನ ಕಂಪನಿಯ ಕೆಲಸವನ್ನು ಯಡ್ತರೆ, ಪಡುವರಿ, ತಗ್ಗರ್ಸೆಯ ಮನೆಗಳಲ್ಲಿ ಕೂತು ಮಾಡುವ ಹುಡುಗ ಹುಡುಗಿಯರು ಇನ್ನೊಂದು ಬಗೆ. ಇಬ್ಬರಿಗೂ ಬೇಕಾದದ್ದು ವೈರ್ ಇಲ್ಲದ್ದು. ಇಬ್ಬರೂ ಕೇಳುವ ಪ್ರಶ್ನೆಯೂ ಒಂದೇ: ‘ಕಡಿಮೆಯದ್ದು ಯಾವುದಿದೆ?’

ಕೇಳಬೇಕಾದದ್ದು ಬೇರೆ. ಇದು ಮೂರು ವರ್ಷ ಬಾಳಿದರೆ ಒಟ್ಟು ಎಷ್ಟು ಖರ್ಚು, ಬಾಳದಿದ್ದರೆ ಎಷ್ಟು?

ಈ ಅಂಕಣಕಾರ ಯಡ್ತರೆಯವನು. ಬರಹ, ಲೆಕ್ಕಪತ್ರ, ಬ್ಯಾಂಕಿನ ಕೆಲಸ ಎಲ್ಲ ಕಂಪ್ಯೂಟರಿನಲ್ಲೇ ನಡೆಯುವುದರಿಂದ ದಿನದ ಬಹುಪಾಲು ಅವನ ಬಲಗೈ ಇರುವುದು ಮೌಸಿನ ಮೇಲೆ. ಮನೆಯ ಖರ್ಚನ್ನು ಪುಸ್ತಕದಲ್ಲಿ ಬರೆದಿಡುವ ರೂಢಿಯಿರುವ ಅವನು ಮೌಸಿಗೂ ಒಂದು ಸಾಲು ಇಟ್ಟಿದ್ದಾನೆ. ಆ ಸಾಲು ಹೇಳುವುದು ಇಷ್ಟು. ₹299ರ ಮೌಸ್ ದಿನವಿಡೀ ದುಡಿದರೆ ವರ್ಷದ ಆಚೀಚೆ ಅದರ ಕ್ಲಿಕ್ ಕೈಕೊಡುತ್ತದೆ. ಮೂರು ವರ್ಷಕ್ಕೆ ಅಂಥ ಮೂರು ಎಂದರೆ ₹897. ಮೂರು ವರ್ಷದ ವಾರಂಟಿ ಇರುವ ಹೆಸರಾಂತ ಕಂಪನಿಯ ಮೌಸ್ ₹799ಕ್ಕೆ ಬರುತ್ತದೆ. ಎರಡಕ್ಕೂ ವರ್ಷಕ್ಕೆ ಎರಡರಂತೆ ಅಲ್ಕಲೈನ್ ಸೆಲ್, ಒಂದಕ್ಕೆ ₹45 ಹಿಡಿದರೆ ಮೂರು ವರ್ಷಕ್ಕೆ ₹270. ಒಟ್ಟು ಸೇರಿಸಿದರೆ ಅಗ್ಗದ್ದು ₹1,167, ದುಬಾರಿಯದ್ದು ₹1,069. ಎರಡನೆಯದು ದಿನಕ್ಕೆ ಒಂದು ರೂಪಾಯಿಗೂ ಕಡಿಮೆ ಬಿತ್ತು.

ಆದರೆ ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ದಿನಕ್ಕೊಂದು ಗಂಟೆ ಪ್ರಾಜೆಕ್ಟ್ ಬರೆಯುವ ಪಿಯುಸಿ ಹುಡುಗನ ಕೈಯಲ್ಲಿ ಅದೇ ₹299ರ ಮೌಸ್ ಮೂರು ವರ್ಷವೂ ಬಾಳೀತು. ಅವನಿಗೆ ₹799 ಸುರಿಯಬೇಕಾಗಿಲ್ಲ. ಮೇಜಿನಿಂದ ಅಲ್ಲಾಡದ ಡೆಸ್ಕ್‌ಟಾಪ್ ಆದರೆ ವೈರ್ ಇರುವ ಮೌಸೇ ಸಾಕು. ಸೆಲ್ಲಿನ ಖರ್ಚೂ ಉಳಿಯಿತು. ದಿನಕ್ಕೆ ಎಷ್ಟು ಗಂಟೆ ಕೈ ಅದರ ಮೇಲಿರುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ, ಆಮೇಲೆ ಬೆಲೆ ನೋಡುವುದು ಸರಿಯಾದ ಕ್ರಮ.

ವೈರ್ ಕಿತ್ತುಹಾಕುವ ಆಸೆ ಹೊಸದೇನಲ್ಲ. ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಅಮೆರಿಕದಲ್ಲಿ ಮರದ ಕವಚದ ಮೊದಲ ಮೌಸ್ ಮಾಡಿದ್ದು 1964ರಲ್ಲಿ. ಅದನ್ನು ಸಾರ್ವಜನಿಕರೆದುರು ತೋರಿಸಿದ್ದು 1968ರ ಡಿಸೆಂಬರ್ 9ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಸ್ವಿಟ್ಜರ್ಲೆಂಡಿನ ಲಾಜಿಟೆಕ್ 1984ರಲ್ಲಿ ಇನ್‌ಫ್ರಾರೆಡ್ ಬೆಳಕಿನಿಂದ ನಡೆಯುವ ವೈರ್‌ಲೆಸ್ ಮೌಸ್ ತಂದಿತು. ಟಿವಿ ರಿಮೋಟಿನ ಹಾಗೆ ಅದರೆದುರು ಏನೂ ಅಡ್ಡ ಬರುವಂತಿರಲಿಲ್ಲ. 1991ರಲ್ಲಿ ರೇಡಿಯೊ ಅಲೆಯ ಮೌಸ್ ಬಂದ ಮೇಲೆ ಆ ತೊಂದರೆ ತಪ್ಪಿತು. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಎಲ್ಲ ವೈರ್‌ಲೆಸ್ ಮೌಸ್‌ಗಳೂ 2.4 ಗಿಗಾಹರ್ಟ್ಸ್ ಅಲೆಯಲ್ಲಿ ಕೆಲಸ ಮಾಡುತ್ತವೆ. ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ಅಲೆಪಟ್ಟಿಯನ್ನು ಭಾರತ ಸರ್ಕಾರ 2005ರಲ್ಲಿ ಲೈಸೆನ್ಸ್‌ನಿಂದ ಮುಕ್ತಗೊಳಿಸಿತು. ವೈಫೈ, ಬ್ಲೂಟೂತ್, ಮೈಕ್ರೊವೇವ್ ಒಲೆ ಇವೆಲ್ಲ ಇರುವುದೂ ಇದೇ ಓಣಿಯಲ್ಲಿ. ಹಾಗಾಗಿ ತಂಟೆಯೂ ಅಲ್ಲಿಂದಲೇ ಶುರು.

ಯಡ್ತರೆಯ ಒಂದು ಡಿಟಿಪಿ ಅಂಗಡಿಯಲ್ಲಿ ಅಂಕಣಕಾರ ಕಂಡದ್ದನ್ನು ಇಲ್ಲಿ ವಿವರವಾಗಿ ಹೇಳಬೇಕು. ಮದುವೆ ಕಾಗದ, ಯಕ್ಷಗಾನದ ಕರಪತ್ರ, ದೇವಸ್ಥಾನದ ಜಾತ್ರೆಯ ಆಮಂತ್ರಣ, ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪುಟ ಕಟ್ಟುವ ಅಂಗಡಿ ಅದು. ಅಲ್ಲಿನ ಅಕ್ಕ ಪಠ್ಯದ ಚೌಕಗಳನ್ನು ಎಳೆದು ಕೂರಿಸುತ್ತಿದ್ದಾಗ ಬಾಣದ ಗುರುತು ನಡುವೆಯೇ ತಡೆದು ನಿಲ್ಲುತ್ತಿತ್ತು, ಮತ್ತೆ ಹಾರಿ ಎಲ್ಲೋ ಹೋಗಿ ಕೂರುತ್ತಿತ್ತು. ಗಣಪತಿಯ ಚಿತ್ರ ಹೋಗಿ ವರನ ಹೆಸರಿನ ಮೇಲೆ ಬಿತ್ತು. ‘ಮೌಸ್ ಹಾಳಾಯ್ತ್ ಕಾಣಿ, ಹೊಸ್ತ್ ತಕಣ್ಕ್’ ಎಂದರು ಅವರು. ಸೆಲ್ ಹೊಸದೇ ಇತ್ತು. ಗಮನಿಸಿ ನೋಡಿದರೆ ಗಿರಾಕಿಯ ಪೆನ್‌ಡ್ರೈವ್ ಚುಚ್ಚಿ ಫೋಟೊ ಕಾಪಿ ಮಾಡುವಾಗ ಮಾತ್ರ ಹೀಗಾಗುತ್ತಿತ್ತು. ಪೆನ್‌ಡ್ರೈವ್ ಇದ್ದದ್ದು ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಯಲ್ಲಿ, ಮೌಸಿನ ಸಂಕೇತ ಹಿಡಿಯುವ ಪುಟ್ಟ ತುಂಡು, ಅಂದರೆ ಡಾಂಗಲ್, ಅದರ ಪಕ್ಕದ ಕಿಂಡಿಯಲ್ಲಿ.

ಯುಎಸ್‌ಬಿ 3.0 ಕಿಂಡಿಯಲ್ಲಿ ದತ್ತಾಂಶ ವೇಗವಾಗಿ ಹರಿಯುವಾಗ ಅದರಿಂದ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೂ ತಗಲುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ವರದಿ ಪ್ರಕಟಿಸಿದೆ. ಪಕ್ಕದಲ್ಲಿರುವ ಡಾಂಗಲ್‌ಗೆ ಮೌಸಿನ ಸಣ್ಣ ದನಿ ಕೇಳದಂತಾಗುತ್ತದೆ. ಪರಿಹಾರ ಸುಲಭ: ಡಾಂಗಲ್ ತೆಗೆದು ಯಂತ್ರದ ಇನ್ನೊಂದು ಬದಿಯ ಕಿಂಡಿಗೆ, ಸಾಧ್ಯವಾದರೆ ಹಳೆಯ ಯುಎಸ್‌ಬಿ 2.0 ಕಿಂಡಿಗೆ ಹಾಕುವುದು. ಹಾಗೂ ಆಗದಿದ್ದರೆ ಚಿಕ್ಕದೊಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲನ್ನು ಮೇಜಿನ ಮೇಲೆ ಮೌಸಿನ ಹತ್ತಿರ ಇಡುವುದು. ಆ ಅಂಗಡಿಯಲ್ಲಿ ಕಿಂಡಿ ಬದಲಿಸಿದ್ದೇ ಸಾಕಾಯಿತು. ‘ಹಾಳಾದ’ ಮೌಸ್ ಈಗಲೂ ಅಲ್ಲೇ ದುಡಿಯುತ್ತಿದೆ. ನಮ್ಮೂರಲ್ಲಿ ಕಸಕ್ಕೆ ಹೋಗುವ ವೈರ್‌ಲೆಸ್ ಮೌಸ್‌ಗಳಲ್ಲಿ ಎಷ್ಟೋ ಹೀಗೆ ಸರಿಯಿದ್ದವೇ ಇರಬೇಕು ಎಂಬುದು ಅಂಕಣಕಾರನ ಗಟ್ಟಿ ಅನುಮಾನ.

ಸರಿಯಿದ್ದ ಮೌಸ್ ಕೆಟ್ಟಂತೆ ಕಾಣಲು ಗಾಜಿನ ಮೇಜು ಇನ್ನೊಂದು ಕಾರಣ. ಮೌಸಿನ ಹೊಟ್ಟೆಯಲ್ಲಿರುವುದು ಪುಟ್ಟ ಕ್ಯಾಮೆರಾ. ಅದು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಮೇಜಿನ ಮೈಯನ್ನು ಚಿತ್ರ ತೆಗೆದು, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸದಿಂದ ತಾನು ಎತ್ತ ಸರಿದೆ ಎಂದು ತಿಳಿಯುತ್ತದೆ. ನುಣುಪು ಗಾಜಿನಲ್ಲಿ ಹಿಡಿಯಲು ಗುರುತೇ ಇಲ್ಲ. ಗಾಜಿನ ಮೇಲೂ ನಡೆಯುವ ಮೌಸ್‌ಗಳಿವೆ, ಆದರೆ ಅವು ಸಾವಿರಗಳ ಬೆಲೆಯವು. ಅದಕ್ಕಿಂತ ಹಳೆಯ ಕ್ಯಾಲೆಂಡರಿನ ರಟ್ಟನ್ನು ಕೆಳಗೆ ಹಾಸಿಕೊಂಡರೆ ಖರ್ಚಿಲ್ಲದೆ ಕೆಲಸವಾಗುತ್ತದೆ.

ಡಾಂಗಲ್ಲೋ ಬ್ಲೂಟೂತೋ ಎಂಬ ಪ್ರಶ್ನೆಗೆ ಮನೆಯ ಯಂತ್ರವೇ ಉತ್ತರ ಹೇಳಬೇಕು. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ಬ್ಲೂಟೂತ್ ಇರುವುದಿಲ್ಲ. ಅಲ್ಲಿ ಡಾಂಗಲ್ಲೇ ಗತಿ. ಬರೀ ಟೈಪ್-ಸಿ ಕಿಂಡಿಯಿರುವ ಹೊಸ ಲ್ಯಾಪ್‌ಟಾಪಿಗೆ ಬ್ಲೂಟೂತ್ ಮೌಸ್ ಒಳ್ಳೆಯದು. ಡಾಂಗಲ್ ಮೌಸಿನ ದೊಡ್ಡ ಅಪಾಯವೆಂದರೆ ಆ ಉಗುರಿನಷ್ಟು ಗಾತ್ರದ ತುಂಡು ಕಳೆದುಹೋಗುವುದು. ಅಗ್ಗದ ಮೌಸ್‌ಗಳಲ್ಲಿ ಮೌಸಿಗೂ ಡಾಂಗಲ್‌ಗೂ ಕಾರ್ಖಾನೆಯಲ್ಲೇ ಗಂಟು ಹಾಕಿರುತ್ತಾರೆ, ಬೇರೆ ಡಾಂಗಲ್ ನಡೆಯುವುದಿಲ್ಲ. ಬೈಂದೂರಿನ ಅಂಗಡಿಯವರೊಬ್ಬರು ಮೌಸ್ ಮಾರುವಾಗ ತಪ್ಪದೆ ಹೇಳುವ ಮಾತಿದೆ: ‘ಡಾಂಗಲ್ ಕಳ್ದ್ರೆ ಮೌಸ್ ಹೋಯ್ತ್ ಅಂದೇಳಿ ಲೆಕ್ಕ, ಕಾಣಿ.’ ಲಾಜಿಟೆಕ್‌ನ ಯೂನಿಫೈಯಿಂಗ್ (2009) ಮತ್ತು ಬೋಲ್ಟ್ (2021) ಡಾಂಗಲ್‌ಗಳು ಒಂದೇ ಕಿಂಡಿಯಲ್ಲಿ ಆರು ಉಪಕರಣಗಳನ್ನು ನಡೆಸುತ್ತವೆ, ಬಿಡಿಯಾಗಿಯೂ ಸಿಗುತ್ತವೆ. ಆದರೆ ಅಂಥದೊಂದು ಡಾಂಗಲ್ಲಿನ ಬೆಲೆಗೆ ಸಾಧಾರಣ ಮೌಸೇ ಬಂದುಬಿಡುತ್ತದೆ.

ಆದ್ದರಿಂದ ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣದಲ್ಲಿ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೊರಡುವವರು ಡಾಂಗಲನ್ನು ಲ್ಯಾಪ್‌ಟಾಪಿನಲ್ಲೇ ಬಿಡಬಾರದು. ಚೀಲದಲ್ಲಿ ಒತ್ತು ಬಿದ್ದರೆ ಡಾಂಗಲ್ ಜೊತೆ ಲ್ಯಾಪ್‌ಟಾಪಿನ ಕಿಂಡಿಯೂ ಸೊಟ್ಟಗಾಗುತ್ತದೆ, ಆ ರಿಪೇರಿಗೆ ಮೌಸಿನ ಬೆಲೆ ಸಾಲದು. ಹೆಚ್ಚಿನ ಮೌಸ್‌ಗಳ ಹೊಟ್ಟೆಯಲ್ಲಿ, ಸೆಲ್ಲಿನ ಪಕ್ಕ, ಡಾಂಗಲ್‌ಗೊಂದು ಗೂಡು ಇರುತ್ತದೆ. ಅಲ್ಲಿ ಸಿಕ್ಕಿಸಿ, ಅಡಿಯ ಸ್ವಿಚ್ ಆರಿಸಿ ಇಡಬೇಕು. ಆರಿಸದಿದ್ದರೆ ರೈಲಿನ ಅಲುಗಾಟಕ್ಕೆ ಮೌಸ್ ಎಚ್ಚರಗೊಳ್ಳುತ್ತಲೇ ಇದ್ದು ರಾತ್ರಿಯಿಡೀ ಸೆಲ್ ತಿನ್ನುತ್ತದೆ.

ಸೆಲ್ಲಿನ ವಿಷಯ ಕರಾವಳಿಯವರು ಸ್ವಲ್ಪ ಹೆಚ್ಚೇ ತಿಳಿದಿರಬೇಕು. ಮಾಮೂಲು ಝಿಂಕ್-ಕಾರ್ಬನ್ ಸೆಲ್ ₹15ರ ಸುಮಾರಿಗೆ ಸಿಗುತ್ತದೆ, ಅಲ್ಕಲೈನ್ ಸೆಲ್‌ಗೆ ಅದರ ಮೂರು ಪಟ್ಟು. ಅಲ್ಕಲೈನ್‌ನಲ್ಲಿ ವಿದ್ಯುತ್ ಎರಡು ಪಟ್ಟಿಗೂ ಹೆಚ್ಚು. ಅಂದರೆ ಕೊಟ್ಟ ರೂಪಾಯಿಗೆ ಸಿಗುವ ವಿದ್ಯುತ್ತಿನಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ. ಅಂತರ ಇರುವುದು ಸೋರುವುದರಲ್ಲಿ. ಝಿಂಕ್-ಕಾರ್ಬನ್ ಸೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ಅದರ ಒಂದು ಧ್ರುವ. ವಿದ್ಯುತ್ ಕೊಡುತ್ತಾ ಹೋದಂತೆ ಆ ಡಬ್ಬಿಯೇ ಕರಗಿ ತೆಳುವಾಗುತ್ತದೆ, ಕಡೆಗೆ ಒಳಗಿನ ರಸ ಹೊರಬರುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿನಷ್ಟು ಮಳೆ ಬೀಳುವ ಜಿಲ್ಲೆ ನಮ್ಮದು, ಸಾಲದ್ದಕ್ಕೆ ಕಡಲಿನ ಉಪ್ಪುಗಾಳಿ. ಆಷಾಢ ಕಳೆದು ಮೌಸಿನ ಮುಚ್ಚಳ ತೆಗೆದಾಗ ಸ್ಪ್ರಿಂಗಿನ ಸುತ್ತ ಹಸಿರು, ಬಿಳಿ ಪುಡಿ ಕಂಡವರು ಇಲ್ಲಿ ಬಹಳ ಮಂದಿ. ಅಲ್ಕಲೈನ್ ಸೆಲ್ಲೂ ಪೂರ್ತಿ ಖಾಲಿಯಾದ ಮೇಲೆ ಒಳಗೇ ಬಿಟ್ಟರೆ ಸೋರುತ್ತದೆ. ಅದು ಬಿಟ್ಟ ಬಿಳಿ ಪುಡಿ ಕ್ಷಾರ. ಬಡ್ಸ್ ತುದಿಗೆ ಒಂದೆರಡು ಹನಿ ವಿನೆಗರ್ ಅಥವಾ ಲಿಂಬೆರಸ ಮುಟ್ಟಿಸಿ ಒರೆಸಿ, ಚೆನ್ನಾಗಿ ಒಣಗಿಸಿದರೆ ಮೌಸ್ ಮತ್ತೆ ನಡೆಯುವ ಸಾಧ್ಯತೆ ಹೆಚ್ಚು. ರಜೆಯಲ್ಲಿ ವಾರಗಟ್ಟಲೆ ಬಳಸುವುದಿಲ್ಲವಾದರೆ ಸೆಲ್ ತೆಗೆದೇ ಇಡುವುದು ಒಳ್ಳೆಯದು. ಮುಗಿದ ಸೆಲ್ಲನ್ನು ಬಚ್ಚಲೊಲೆಗೆ ಹಾಕಬಾರದು, ಬೆಂಕಿಯಲ್ಲಿ ಅದು ಸಿಡಿಯುತ್ತದೆ.

ಚಾರ್ಜ್ ಮಾಡುವ ಸೆಲ್ ತಂದರೆ ಉಳಿತಾಯವಲ್ಲವೇ ಎಂದು ಕೇಳುವವರಿದ್ದಾರೆ. ನಾಲ್ಕು ಸೆಲ್, ಒಂದು ಚಾರ್ಜರ್ ಸೇರಿ ಸುಮಾರು ₹1,000. ಒಂದು ಮೌಸಿಗೆ ವರ್ಷಕ್ಕೆ ಆಗುವ ಸೆಲ್ಲಿನ ಖರ್ಚು ₹90. ಹಾಕಿದ ಹಣ ಮರಳಲು ಹನ್ನೊಂದು ವರ್ಷ ಬೇಕು. ಆ ಹೊತ್ತಿಗೆ ಸೆಲ್ಲೂ ಇರುವುದಿಲ್ಲ, ಮೌಸೂ ಇರುವುದಿಲ್ಲ. ಮಕ್ಕಳ ಆಟಿಕೆ, ಟಾರ್ಚ್, ಕೀಬೋರ್ಡ್ ಎಂದು ಸೆಲ್ ತಿನ್ನುವ ಸಾಮಾನು ಮನೆತುಂಬ ಇದ್ದರೆ ಮಾತ್ರ ಅದು ಲಾಭ. ಇನ್ನು, ಒಳಗೇ ಬ್ಯಾಟರಿ ಕೂರಿಸಿ ಮೊಬೈಲಿನಂತೆ ಚಾರ್ಜ್ ಮಾಡುವ ₹400–500ರ ಮೌಸ್‌ಗಳು ಈಗ ಬಹಳ ಬಂದಿವೆ. ಸೆಲ್ ತರುವ ಗೋಜಿಲ್ಲ, ನಿಜ. ಆದರೆ ಒಳಗಿನ ಚಿಕ್ಕ ಲಿಥಿಯಂ ಬ್ಯಾಟರಿ ಸೊರಗಿದ ದಿನ ಇಡೀ ಮೌಸ್ ಮೂಲೆಗೆ. ಬ್ಯಾಟರಿ ಬದಲಿಸಲು ಹೆಚ್ಚಿನವುಗಳಲ್ಲಿ ಮುಚ್ಚಳವೇ ಇರುವುದಿಲ್ಲ. ಪೇಟೆಯ ಕಿರಾಣಿ ಅಂಗಡಿಯಲ್ಲೂ ಸಿಗುವ ಎಎ ಸೆಲ್ಲಿನಿಂದ ನಡೆಯುವ ಮೌಸೇ ನಮ್ಮಂಥ ಊರಿಗೆ ಮೇಲು ಎಂಬುದು ಅಂಕಣಕಾರನ ತೀರ್ಮಾನ.

ಹಣದ ಲೆಕ್ಕದಲ್ಲಿ ಕೈಯ ಲೆಕ್ಕವನ್ನು ಮರೆಯುವವರು ಜಾಸ್ತಿ. ಅಂಗೈಗೆ ಚಿಕ್ಕದಾದ ಮೌಸನ್ನು ಬೆರಳ ತುದಿಯಲ್ಲಿ ಹಿಡಿದು ಎಂಟು ಗಂಟೆ ದುಡಿದರೆ ಮಣಿಕಟ್ಟು ನೋಯುತ್ತದೆ, ಡಾಕ್ಟರ ಒಂದು ಭೇಟಿಯ ಖರ್ಚು ಮೌಸಿನ ಬೆಲೆ ಮೀರುತ್ತದೆ. ಆನ್‌ಲೈನ್ ಚಿತ್ರದಲ್ಲಿ ಗಾತ್ರ ತಿಳಿಯುವುದಿಲ್ಲ. ಅಂಗಡಿಗೆ ಹೋಗಿ, ಹಿಡಿದು, ಕ್ಲಿಕ್ ಮಾಡಿ ನೋಡಬೇಕು. ಎಡಗೈಯವರು ಎರಡೂ ಬದಿ ಒಂದೇ ಆಕಾರದ್ದನ್ನು ಆರಿಸಬೇಕು. ಮಗು ಮಲಗಿದ ಕೋಣೆಯಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಸದ್ದಿಲ್ಲದ ಕ್ಲಿಕ್ಕಿನ ಮೌಸಿಗೆ ಒಂದಿಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆನ್‌ಲೈನಿನಲ್ಲಿ ಐವತ್ತು ನೂರು ರೂಪಾಯಿ ಕಡಿಮೆಗೆ ಸಿಗುವುದುಂಟು. ಆದರೆ ಕೆಟ್ಟಾಗ ಕಂಪನಿಯ ಸರ್ವಿಸ್ ಸೆಂಟರ್ ಹುಡುಕಿ ಸುಮಾರು 70 ಕಿಲೊಮೀಟರ್ ದೂರದ ಉಡುಪಿಗೋ ಇನ್ನೂ ಮುಂದೆ ಮಂಗಳೂರಿಗೋ ಹೋಗಬೇಕಾಗಿ ಬಂದರೆ ಬಸ್ ಚಾರ್ಜು, ಕೆಲಸ ಬಿಟ್ಟ ದಿನ, ಎರಡೂ ಆ ಉಳಿತಾಯವನ್ನು ನುಂಗುತ್ತವೆ. ‘ಕೆಟ್ಟರೆ ತನ್ನಿ, ನಾವೇ ಕಳಿಸಿಕೊಡುತ್ತೇವೆ’ ಎನ್ನುವ ಊರಿನ ಅಂಗಡಿಗೆ ಆ ನೂರು ರೂಪಾಯಿ ಕೊಡಬಹುದು. ಹಾಗೆ ಹೇಳದ ಅಂಗಡಿಗೆ ಕೊಡಬೇಕಾಗಿಲ್ಲ.

ಪೆಟ್ಟಿಗೆಯನ್ನು ತಿರುಗಿಸಿ ನೋಡುವುದೂ ಮುಖ್ಯ. ಕಾನೂನಿನ ಪ್ರಕಾರ ಅದರ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಆಮದು ಮಾಡಿದವರ ಹೆಸರು ವಿಳಾಸ, ಯಾವ ದೇಶದಲ್ಲಿ ತಯಾರು, ಗ್ರಾಹಕರು ದೂರು ಹೇಳಬೇಕಾದ ಸಂಖ್ಯೆ ಇರಲೇಬೇಕು. ಇವಿಲ್ಲದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬರುವುದು ಲೇಸು. ಬಿಲ್ ಕೇಳಿ ಪಡೆಯಬೇಕು. ಮೌಸಿನ ಮೇಲೆ ಜಿಎಸ್‌ಟಿ ಶೇ 18. ₹799ರಲ್ಲಿ ಸುಮಾರು ₹122 ತೆರಿಗೆ. ಡಿಟಿಪಿ ಅಂಗಡಿಯವರಂಥ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ, ತಮ್ಮ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿದರೆ ಆ ₹122 ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಮರಳುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಮಾತ್ರ ಈ ಸೌಲಭ್ಯ ಇಲ್ಲ.

ಯಂತ್ರದಿಂದ ಬರುವ ಬಿಲ್ಲಿನ ಅಕ್ಷರ ಬಿಸಿಲು ತೇವಕ್ಕೆ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ. ಮನೆ ಮುಟ್ಟುವ ಮೊದಲೇ ಅದರ ಫೋಟೊ ತೆಗೆದಿಡಿ. ವಾರಂಟಿ ಇದ್ದೂ ಯಾರಾದರೂ ಬದಲಿಸಿ ಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು.